ಹಳೆಯ ಲಘು ವಿಮಾನದಲ್ಲಿ ಹಾರಾಟ ಕಲಿಕೆ ಮತ್ತು ಪೈಲಟ್ ಪರೀಕ್ಷೆ: ಉತ್ತರ ಕನ್ನಡದವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರ, ಅಂಕೋಲಾ, ಶಿರಸಿ, ಹೊನ್ನಾವರದ ಕಡೆಯಿಂದ ಹಾರಾಟ ಕಲಿಯಲು ಹೊರಡುವವರಲ್ಲಿ ಹೆಚ್ಚಿನವರು ವಿಮಾನಯಾನ ಕಂಪನಿಗಳ ಕೆಲಸವನ್ನು ಮನಸ್ಸಿನಲ್ಲಿಟ್ಟುಕೊಂಡಿರುತ್ತಾರೆ. ಹವ್ಯಾಸಕ್ಕಾಗಿ, ಅದರಲ್ಲೂ ಬಟ್ಟೆ ಹೊದೆಸಿದ ರೆಕ್ಕೆಯ, ಬಾಲದಲ್ಲಿ ಪುಟ್ಟ ಚಕ್ರವಿರುವ ಹಳೆಯ ವಿಮಾನದಲ್ಲಿ ಕಲಿಯಬೇಕೆಂಬ ಆಸೆಯುಳ್ಳವರೂ ಕೆಲವರಿದ್ದಾರೆ. ಈ ಪ್ರಶ್ನೋತ್ತರಗಳನ್ನು ಮುಖ್ಯವಾಗಿ ಅವರಿಗಾಗಿ ಬರೆಯಲಾಗಿದೆ.

ಉತ್ತರ ಕನ್ನಡದಲ್ಲೇ ಇದ್ದುಕೊಂಡು ಹಾರಲು ಕಲಿಯಬಹುದೇ?

ಸದ್ಯಕ್ಕೆ ಸಾಧ್ಯವಿಲ್ಲ. ಜಿಲ್ಲೆಯಲ್ಲಿ ನಾಗರಿಕ ವಿಮಾನ ನಿಲ್ದಾಣವಿಲ್ಲ. ಅಂಕೋಲಾ ಬಳಿಯ ಅಲಗೇರಿಯಲ್ಲಿ ನೌಕಾಪಡೆಯ ವಾಯುನೆಲೆಯೊಂದಿಗೆ ನಾಗರಿಕ ನಿಲ್ದಾಣವನ್ನೂ ನಿರ್ಮಿಸುವ ಯೋಜನೆಯಿದೆ. ಆದರೆ ನಿಲ್ದಾಣ ಬಂದ ಮಾತ್ರಕ್ಕೆ ತರಬೇತಿ ಶಾಲೆಯೂ ಬರುತ್ತದೆ ಎಂದು ಲೆಕ್ಕ ಹಾಕಬಾರದು. ಕಾರವಾರದಲ್ಲಿ ಕದಂಬ ನೌಕಾನೆಲೆಯಿದೆ, ಒಳನಾಡಿನಲ್ಲಿ ಕೈಗಾ ಅಣುವಿದ್ಯುತ್ ಸ್ಥಾವರವಿದೆ. ಇಂಥ ಸ್ಥಳಗಳ ಸುತ್ತ ಸಣ್ಣ ವಿಮಾನವೊಂದು ಮನಸ್ಸಿಗೆ ಬಂದಂತೆ ಸುತ್ತಾಡುವಂತಿಲ್ಲ. ಟಾಗೋರ್ ಕಡಲತೀರದಲ್ಲಿ ನಿಲ್ಲಿಸಿರುವ ನೌಕಾಪಡೆಯ ಟುಪೊಲೆವ್ ವಿಮಾನವೇ ನಮ್ಮ ಜಿಲ್ಲೆಯಲ್ಲಿ ಯಾರು ಬೇಕಾದರೂ ಹತ್ತಿರ ನಿಂತು ನೋಡಬಹುದಾದ ವಿಮಾನ. ಅದರ ಗಾತ್ರಕ್ಕೂ ಇಲ್ಲಿ ಹೇಳಹೊರಟಿರುವ ವಿಮಾನಗಳ ಗಾತ್ರಕ್ಕೂ ಯಾವ ಸಂಬಂಧವೂ ಇಲ್ಲ.

ರಾಜ್ಯದೊಳಗೆ ಬೆಂಗಳೂರಿನ ಜಕ್ಕೂರು ವಿಮಾನಾಂಗಣಕ್ಕೆ ತರಬೇತಿಯ ದೀರ್ಘ ಇತಿಹಾಸವಿದೆ. ಬೆಳಗಾವಿ ಮತ್ತು ಕಲಬುರಗಿ ನಿಲ್ದಾಣಗಳಲ್ಲಿ ತರಬೇತಿ ಸಂಸ್ಥೆಗಳಿಗೆ ಜಾಗ ಕೊಡಲಾಗಿದೆ. ಶಿರಸಿಯವರಿಗೂ ಕಾರವಾರದವರಿಗೂ ಇವುಗಳಲ್ಲಿ ಬೆಳಗಾವಿಯೇ ಹತ್ತಿರ.

‘ಹಳೆಯ ಲಘು ವಿಮಾನ’ ಎಂದರೆ ನಿರ್ದಿಷ್ಟವಾಗಿ ಯಾವುದು?

ಕಟ್ಟುನಿಟ್ಟಾದ ಒಂದೇ ವ್ಯಾಖ್ಯೆಯಿಲ್ಲ. ಸಾಮಾನ್ಯವಾಗಿ 1930ರಿಂದ 1950ರ ದಶಕದವರೆಗೆ ತಯಾರಾದ, ಎರಡು ಆಸನದ, ಒಂದು ಎಂಜಿನ್ನಿನ ವಿಮಾನಗಳನ್ನು ಹೀಗೆ ಕರೆಯುತ್ತಾರೆ. ಬ್ರಿಟನ್ನಿನ ಡಿ ಹ್ಯಾವಿಲೆಂಡ್ ಟೈಗರ್ ಮಾತ್ 1931ರಲ್ಲಿ ಮೊದಲು ಹಾರಿತು. ಅದಕ್ಕೆ ಎರಡು ಜೊತೆ ರೆಕ್ಕೆ, ತೆರೆದ ಕಾಕ್‌ಪಿಟ್, 130 ಅಶ್ವಶಕ್ತಿಯ ಜಿಪ್ಸಿ ಮೇಜರ್ ಎಂಜಿನ್ ಇವೆ. ಅಮೆರಿಕದ ಪೈಪರ್ ಜೆ-3 ಕಬ್ 1938ರಿಂದ 1947ರವರೆಗೆ ಹತ್ತಿರಹತ್ತಿರ 20,000ದಷ್ಟು ತಯಾರಾಯಿತು. ಅದರ ಪ್ರಸಿದ್ಧ ಮಾದರಿಯ ಎಂಜಿನ್ ಶಕ್ತಿ ಬರೀ 65 ಅಶ್ವಶಕ್ತಿ. ಏರಾಂಕಾ ಚಾಂಪ್ ಅದರ ಸಮಕಾಲೀನ ಪ್ರತಿಸ್ಪರ್ಧಿ.

ನಮ್ಮದೇ ಎನ್ನಬಹುದಾದ ಎರಡು ಹೆಸರುಗಳನ್ನು ಇಲ್ಲಿ ಹೇಳಲೇಬೇಕು. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡ ಎಚ್‌ಟಿ-2 ತರಬೇತಿ ವಿಮಾನ 1951ರಲ್ಲಿ ಹಾರಿತು. ಫ್ಲೈಯಿಂಗ್ ಕ್ಲಬ್‌ಗಳಿಗೆಂದೇ ಮಾಡಿದ, ಅಕ್ಕಪಕ್ಕ ಆಸನಗಳ, 90 ಅಶ್ವಶಕ್ತಿಯ ಪುಷ್ಪಕ್ 1958ರಲ್ಲಿ ಹಾರಿತು. ಪುಷ್ಪಕ್ ವಿಮಾನಗಳು ನೂರೈವತ್ತಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾಗಿ ದೇಶದ ಕ್ಲಬ್‌ಗಳಲ್ಲಿ ದಶಕಗಳ ಕಾಲ ದುಡಿದವು. ಇಂದು ನಿವೃತ್ತರಾಗಿರುವ ಹಿರಿಯ ಪೈಲಟ್‌ಗಳಲ್ಲಿ ಅನೇಕರು ಮೊದಲು ಒಬ್ಬರೇ ಹಾರಿದ್ದು ಇದರಲ್ಲೇ.

ಭಾರತದಲ್ಲಿ ಇಂಥ ವಿಮಾನದಲ್ಲಿ ಕಲಿತು, ಅದರಲ್ಲೇ ಪರೀಕ್ಷೆ ಕೊಡಬಹುದೇ?

ಇದನ್ನು ನೆಚ್ಚಿಕೊಂಡು ಯೋಜನೆ ಹಾಕಬಾರದು. ಪರವಾನಗಿಗೆ ಲೆಕ್ಕಕ್ಕೆ ಬರುವ ತರಬೇತಿ ಡಿಜಿಸಿಎ, ಅಂದರೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಅನುಮೋದನೆ ಪಡೆದ ಸಂಸ್ಥೆಯಲ್ಲೇ ಆಗಬೇಕು. ಆ ಸಂಸ್ಥೆಗಳು ಇಂದು ಬಳಸುವುದು ಸೆಸ್ನಾ 152, ಸೆಸ್ನಾ 172, ಡೈಮಂಡ್ ಮುಂತಾದ, ಮೂತಿಯ ಕೆಳಗೆ ಚಕ್ರವಿರುವ ವಿಮಾನಗಳನ್ನು. ಭಾರತೀಯ ವಾಯುಪಡೆ ಟೈಗರ್ ಮಾತ್ ಒಂದನ್ನು ಜೀರ್ಣೋದ್ಧಾರ ಮಾಡಿಸಿ 2012ರ ವಾಯುಪಡೆ ದಿನಾಚರಣೆಯಲ್ಲಿ ಹಾರಿಸಿತಾದರೂ ಅದು ಸಾರ್ವಜನಿಕರು ಕಲಿಯಲು ಇಟ್ಟ ವಿಮಾನವಲ್ಲ.

ಹಾಗಾಗಿ ದಾರಿಗಳು ಎರಡು. ಭಾರತದಲ್ಲೇ ಲಭ್ಯವಿರುವ ವಿಮಾನದಲ್ಲಿ ಖಾಸಗಿ ಪೈಲಟ್ ಪರವಾನಗಿ ಪಡೆದು, ಆಮೇಲೆ ಬ್ರಿಟನ್ ಅಥವಾ ಅಮೆರಿಕಕ್ಕೆ ಹೋದಾಗ ಕೆಲವು ವಾರ ಟೇಲ್‌ವೀಲ್, ಅಂದರೆ ಬಾಲಚಕ್ರದ ವಿಮಾನದ ತರಬೇತಿ ಪಡೆಯುವುದು ಒಂದು. ಮೊದಲಿಂದಲೂ ವಿದೇಶದಲ್ಲೇ ಕಲಿತು, ಅಲ್ಲೇ ಪರೀಕ್ಷೆ ಮುಗಿಸಿ, ಬೇಕಿದ್ದರೆ ಆ ಪರವಾನಗಿಯನ್ನು ಇಲ್ಲಿ ಪರಿವರ್ತಿಸಿಕೊಳ್ಳುವುದು ಇನ್ನೊಂದು. ಖರ್ಚು, ವೀಸಾ, ಸಮಯ ಎಲ್ಲವನ್ನೂ ತೂಗಿದರೆ ಹೆಚ್ಚಿನವರಿಗೆ ಮೊದಲನೆಯದೇ ಒಳ್ಳೆಯದೆಂಬುದು ನಮ್ಮ ಅಭಿಪ್ರಾಯ. ವಾರಕ್ಕೆ ನಾಲ್ಕು ದಿನ ಹಾರುವ ಸಾದಾ ವಿಮಾನದಿಂದ ಆಗುವ ಕಲಿಕೆ, ಬಿಡಿಭಾಗಕ್ಕಾಗಿ ತಿಂಗಳುಗಟ್ಟಲೆ ಹ್ಯಾಂಗರ್‌ನಲ್ಲೇ ನಿಲ್ಲುವ ಚೆಂದದ ವಿಮಾನದಿಂದ ಆಗುವುದಿಲ್ಲ.

ಒಂದು ಮಾತು ಸೇರಿಸಬಹುದು. ಸೆಸ್ನಾ 152ರ ತಯಾರಿಕೆ 1985ರಲ್ಲೇ ನಿಂತಿತು. ತರಬೇತಿ ಶಾಲೆಯಲ್ಲಿ ‘ಹೊಸ’ ವಿಮಾನವೆಂದು ನೀವು ಹತ್ತಿ ಕೂರುವುದಕ್ಕೂ ನಲವತ್ತು ವರ್ಷ ದಾಟಿರಬಹುದು.

ಖಾಸಗಿ ಪೈಲಟ್ ಪರವಾನಗಿಗೆ ಏನೇನು ಬೇಕು?

ವಿದ್ಯಾರ್ಥಿ ಪೈಲಟ್ ಪರವಾನಗಿಗೆ 16 ವರ್ಷ, ಖಾಸಗಿ ಪೈಲಟ್ ಪರವಾನಗಿಗೆ 17 ವರ್ಷ ತುಂಬಿರಬೇಕು. ಎರಡಕ್ಕೂ ಎಸ್‌ಎಸ್‌ಎಲ್‌ಸಿ ಅಥವಾ ಅದಕ್ಕೆ ಸಮಾನವಾದ ವಿದ್ಯಾರ್ಹತೆ ಸಾಕು. ಡಿಜಿಸಿಎ ಮಾನ್ಯ ಮಾಡಿದ ವೈದ್ಯರಿಂದ ಎರಡನೇ ದರ್ಜೆಯ ವೈದ್ಯಕೀಯ ಪ್ರಮಾಣಪತ್ರ ಪಡೆಯಬೇಕು. ಕನ್ನಡಕ ಹಾಕುವವರು ಅಷ್ಟಕ್ಕೇ ಅನರ್ಹರಾಗುವುದಿಲ್ಲ. ಕನ್ನಡಕದೊಂದಿಗೆ ದೃಷ್ಟಿ ನಿಗದಿತ ಮಟ್ಟದಲ್ಲಿದ್ದರೆ ಸಾಕು.

ಹಾರಾಟದ ಅನುಭವ ಕನಿಷ್ಠ 40 ಗಂಟೆ ಇರಬೇಕು. ಅದರಲ್ಲಿ 20 ಗಂಟೆ ಬೋಧಕರಿಲ್ಲದೆ ಒಬ್ಬರೇ ಹಾರಿರಬೇಕು, 5 ಗಂಟೆ ದೂರದ ಊರುಗಳಿಗೆ ಹೋಗಿಬರುವ ಹಾರಾಟವಾಗಿರಬೇಕು. ಈ ದೂರ ಹಾರಾಟಗಳಲ್ಲಿ ಒಂದು 150 ನಾಟಿಕಲ್ ಮೈಲಿಗೆ, ಎಂದರೆ ಸುಮಾರು 278 ಕಿಲೋಮೀಟರಿಗೆ ಕಡಿಮೆಯಿಲ್ಲದ್ದಾಗಿದ್ದು, ದಾರಿಯಲ್ಲಿ ಎರಡು ಬೇರೆ ಬೇರೆ ನಿಲ್ದಾಣಗಳಲ್ಲಿ ಪೂರ್ತಿ ನಿಲ್ಲುವಂತೆ ಇಳಿದಿರಬೇಕು. ಲಿಖಿತ ಪರೀಕ್ಷೆಯಲ್ಲಿ ವಾಯುನಿಯಮಗಳು, ಪಥನಿರ್ದೇಶನ, ಹವಾಮಾನ, ವಿಮಾನ ಮತ್ತು ಎಂಜಿನ್ ಇವುಗಳ ಮೇಲೆ ಪ್ರಶ್ನೆಗಳಿರುತ್ತವೆ. ಉತ್ತೀರ್ಣರಾಗಲು ಶೇಕಡಾ 70 ಅಂಕ ಬೇಕು. ರೇಡಿಯೊದಲ್ಲಿ ಮಾತನಾಡುವ ಪರವಾನಗಿಗೆ ಪ್ರತ್ಯೇಕ ಪರೀಕ್ಷೆಯಿದೆ. 40 ಗಂಟೆ ಎನ್ನುವುದು ಕನಿಷ್ಠ ಮಿತಿ ಮಾತ್ರ. ಬಿಡುವು ಕೊಟ್ಟು ಕೊಟ್ಟು ಕಲಿಯುವವರಿಗೆ ಅದು ಸಾಲುವುದಿಲ್ಲ.

ಈ ಪರವಾನಗಿಯಿಂದ ಸಂಬಳ ಪಡೆದು ಹಾರುವಂತಿಲ್ಲ. ಅದಕ್ಕೆ 200 ಗಂಟೆಗಳ ವಾಣಿಜ್ಯ ಪರವಾನಗಿ ಬೇಕು, ಪಿಯುಸಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಓದಿರಬೇಕು.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಕಷ್ಟವಾಗುತ್ತದೆಯೇ?

ಲಿಖಿತ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಲು ಅವಕಾಶವಿಲ್ಲ, ರೇಡಿಯೊ ಸಂಭಾಷಣೆಯೂ ಇಂಗ್ಲಿಷಿನಲ್ಲೇ ನಡೆಯುತ್ತದೆ. ಆದರೆ ಆ ಸಂಭಾಷಣೆ ಸಾಹಿತ್ಯವಲ್ಲ. ನಿಗದಿತ ಕ್ರಮದಲ್ಲಿ, ನಿಗದಿತ ಪದಗಳಲ್ಲಿ ನಡೆಯುವ ಸಣ್ಣ ಸಣ್ಣ ವಾಕ್ಯಗಳಷ್ಟೇ. ನಿಯಂತ್ರಣ ಗೋಪುರ ಹೇಳಿದ್ದನ್ನು ತಿರುಗಿ ಹೇಳಿ ಖಚಿತಪಡಿಸುವ ಅಭ್ಯಾಸ ಕೆಲವೇ ವಾರಗಳಲ್ಲಿ ಬಂದುಬಿಡುತ್ತದೆ. ನಿಜವಾಗಿ ತೊಡಕಾಗುವುದು ಹವಾಮಾನ ಮತ್ತು ನಿಯಮಗಳ ಪುಸ್ತಕಗಳ ಉದ್ದುದ್ದ ವಾಕ್ಯಗಳು. ಅವನ್ನು ಮೊದಲು ಕನ್ನಡದಲ್ಲಿ ಅರ್ಥಮಾಡಿಕೊಂಡು ಟಿಪ್ಪಣಿ ಬರೆದಿಟ್ಟುಕೊಳ್ಳುವುದರಲ್ಲಿ ಸಂಕೋಚಪಡಬೇಕಾದ್ದೇನೂ ಇಲ್ಲ.

ಹಳೆಯ ವಿಮಾನವನ್ನು ಹಾರಿಸುವುದು ಹೊಸದಕ್ಕಿಂತ ಕಷ್ಟ ಎನ್ನುತ್ತಾರೆ. ಏಕೆ?

ಗಾಳಿಯಲ್ಲಿ ಅಷ್ಟೇನೂ ಕಷ್ಟವಿಲ್ಲ, ನೆಲದ ಮೇಲೆ ಕಷ್ಟ. ಇಂದಿನ ತರಬೇತಿ ವಿಮಾನದಲ್ಲಿ ಮೂರನೆಯ ಚಕ್ರ ಮೂತಿಯ ಕೆಳಗಿರುತ್ತದೆ, ಭಾರದ ಕೇಂದ್ರ ಮುಖ್ಯ ಚಕ್ರಗಳಿಗಿಂತ ಮುಂದಿರುತ್ತದೆ. ಇಳಿಯುವಾಗ ಸ್ವಲ್ಪ ಓರೆಯಾದರೂ ಆ ಭಾರವೇ ವಿಮಾನವನ್ನು ಎಳೆದು ನೇರ ಮಾಡುತ್ತದೆ. ಬಾಲದಲ್ಲಿ ಚಕ್ರವಿರುವ ವಿಮಾನದಲ್ಲಿ ಭಾರದ ಕೇಂದ್ರ ಮುಖ್ಯ ಚಕ್ರಗಳ ಹಿಂದಿರುತ್ತದೆ. ಮೂತಿ ಒಂದಿಷ್ಟು ಓರೆಯಾಯಿತೆಂದರೆ ಹಿಂದಿನ ಭಾರ ತಾನು ಹೊರಟಿದ್ದ ದಿಕ್ಕಿನಲ್ಲೇ ಸಾಗಲು ಹೋಗಿ ಆ ಓರೆಯನ್ನು ಇನ್ನಷ್ಟು ಹೆಚ್ಚಿಸುತ್ತದೆ. ಅಡಿಕೆ ಮೂಟೆ ಹೇರಿದ ಕೈಗಾಡಿಯನ್ನು ಮುಂದಿನಿಂದ ಎಳೆಯದೆ ಹಿಂದಿನಿಂದ ದೂಡಿಕೊಂಡು ಇಳಿಜಾರಿನಲ್ಲಿ ಹೋದವರಿಗೆ ಇದು ಬೇಗ ಅರ್ಥವಾಗುತ್ತದೆ. ಸಕಾಲದಲ್ಲಿ ರಡ್ಡರ್ (ಕಾಲಿನಿಂದ ಒತ್ತಿ ಮೂತಿಯನ್ನು ಎಡಬಲಕ್ಕೆ ತಿರುಗಿಸುವ ಬಾಲದ ಹಲಗೆ) ಒತ್ತಿ ತಡೆಯದಿದ್ದರೆ ವಿಮಾನ ನಿಂತಲ್ಲೇ ಗಿರ್ರನೆ ತಿರುಗಿ, ಒಂದು ರೆಕ್ಕೆ ನೆಲಕ್ಕೆ ತಾಗಿ, ಚಕ್ರದ ಕಾಲು ಮುರಿಯಬಹುದು. ಇದನ್ನೇ ಗ್ರೌಂಡ್‌ಲೂಪ್ ಎನ್ನುತ್ತಾರೆ. ಇದರಲ್ಲಿ ಜನರಿಗೆ ಪೆಟ್ಟಾಗುವುದು ಕಡಿಮೆ, ವಿಮಾನಕ್ಕೆ ಆಗುವ ಹಾನಿ ಮಾತ್ರ ದುಬಾರಿ.

ಎರಡನೆಯ ಕಾರಣ ನೋಟ. ಬಾಲ ನೆಲದ ಮೇಲಿರುವಾಗ ಮೂತಿ ಆಕಾಶ ನೋಡುತ್ತಿರುತ್ತದೆ. ಟೈಗರ್ ಮಾತ್‌ನಲ್ಲಿಯೂ ಕಬ್‌ನಲ್ಲಿಯೂ ಒಬ್ಬರೇ ಹಾರುವಾಗ ಹಿಂದಿನ ಆಸನದಲ್ಲಿ ಕೂರಬೇಕು, ಅಲ್ಲಿಂದ ಎದುರಿನ ದಾರಿ ಕಾಣುವುದಿಲ್ಲ. ನೆಲದ ಮೇಲೆ ಸಾಗುವಾಗ ಮೂತಿಯನ್ನು ಎಡಕ್ಕೂ ಬಲಕ್ಕೂ ತಿರುಗಿಸುತ್ತ, ಪಕ್ಕದಿಂದ ಇಣುಕುತ್ತ ಹಾವಿನ ನಡೆಯಲ್ಲಿ ಹೋಗಬೇಕು. ಓಡುದಾರಿಯ ಎರಡೂ ಅಂಚುಗಳನ್ನು ಕಣ್ಣಂಚಿನಲ್ಲಿ ಹಿಡಿದಿಟ್ಟುಕೊಂಡು ನೇರವನ್ನು ಅಂದಾಜಿಸುವ ಕಲೆಗೆ ಒಂದಿಷ್ಟು ಕಾಲ ಹಿಡಿಯುತ್ತದೆ.

ಮೂರನೆಯದು ಪ್ರೊಪೆಲರ್. ಮೇಲೇರುವ ಓಟದಲ್ಲಿ ಅದರ ಸುರುಳಿಗಾಳಿ ಬಾಲಕ್ಕೆ ಒಂದು ಪಕ್ಕದಿಂದ ಬಡಿಯುತ್ತದೆ. ಬಾಲ ಮೇಲೆದ್ದ ಕ್ಷಣದಲ್ಲಿ ಬುಗುರಿಯ ಗುಣವೂ ಸೇರಿಕೊಂಡು ಮೂತಿಯನ್ನು ಎಳೆಯುತ್ತದೆ. ಅಮೆರಿಕದ ಎಂಜಿನ್‌ಗಳಲ್ಲಿ ಈ ಎಳೆತ ಎಡಕ್ಕೆ, ಆದ್ದರಿಂದ ಬಲಗಾಲು ಒತ್ತಬೇಕು. ಜಿಪ್ಸಿ ಮೇಜರ್ ತಿರುಗುವುದು ವಿರುದ್ಧ ದಿಕ್ಕಿಗೆ, ಅದರಲ್ಲಿ ಎಡಗಾಲು. ಒಂದು ವಿಮಾನದಿಂದ ಇನ್ನೊಂದಕ್ಕೆ ಹೋದವರ ಕಾಲಿಗೆ ಈ ವ್ಯತ್ಯಾಸ ಗೊತ್ತಾಗಬೇಕು. ತಲೆಗೆ ಗೊತ್ತಾದರೆ ಸಾಲದು.

ಟೈಗರ್ ಮಾತ್‌ನ ಮೂಲ ರೂಪದಲ್ಲಿ ಬ್ರೇಕ್ ಇಲ್ಲ, ಬಾಲದಲ್ಲಿ ಚಕ್ರದ ಬದಲು ನೆಲಕ್ಕೆ ಉಜ್ಜುವ ಸ್ಕಿಡ್ ಇರುತ್ತದೆ. ಹುಲ್ಲುಗಾವಲಿಗೆಂದೇ ರೂಪಿಸಿದ ವಿಮಾನವದು. ಜೋರು ಗಾಳಿಯ ದಿನ ರೆಕ್ಕೆಯ ತುದಿ ಹಿಡಿದುಕೊಂಡು ಜೊತೆಗೆ ನಡೆಯಲು ಜನ ಬೇಕು.

ಇಳಿಸುವ ವಿಧಾನದಲ್ಲಿ ವ್ಯತ್ಯಾಸವಿದೆಯೇ?

ಇದೆ. ನೆಲದಿಂದ ಒಂದೆರಡು ಅಡಿ ಮೇಲೆ ವೇಗ ಕಳೆದುಕೊಳ್ಳುತ್ತ, ಸ್ಟಿಕ್ (ಮೂತಿಯನ್ನು ಏರಿಸಿ ಇಳಿಸುವ ಕೈಹಿಡಿಕೆ) ಪೂರ್ತಿ ಹಿಂದಕ್ಕೆ ಬರುವ ಹೊತ್ತಿಗೆ ಮೂರೂ ಚಕ್ರಗಳು ಒಟ್ಟಿಗೆ ನೆಲ ಮುಟ್ಟುವಂತೆ ಇಳಿಸುವುದು ಒಂದು ರೀತಿ. ಸ್ವಲ್ಪ ಹೆಚ್ಚು ವೇಗದಲ್ಲಿ ಮುಖ್ಯ ಚಕ್ರಗಳನ್ನಷ್ಟೇ ಮುಟ್ಟಿಸಿ, ವೇಗ ಇಳಿದ ಮೇಲೆ ಬಾಲವನ್ನು ಇಳಿಸುವುದು ಇನ್ನೊಂದು ರೀತಿ. ಅಡ್ಡಗಾಳಿಯಲ್ಲಿ ಯಾವುದು ಮೇಲು ಎಂಬ ಬಗ್ಗೆ ಪೈಲಟ್‌ಗಳ ನಡುವೆ ಮುಗಿಯದ ವಾದವಿದೆ. ಕಲಿಯುವವರು ಎರಡನ್ನೂ ಕಲಿತು, ತಮ್ಮ ವಿಮಾನಕ್ಕೆ ತಮ್ಮ ಬೋಧಕರು ಒಪ್ಪುವ ವಿಧಾನವನ್ನು ಅನುಸರಿಸುವುದು ಜಾಣತನ.

ಕಬ್ ಮತ್ತು ಟೈಗರ್ ಮಾತ್‌ಗಳಿಗೆ ಫ್ಲ್ಯಾಪ್, ಅಂದರೆ ಇಳಿಯುವಾಗ ರೆಕ್ಕೆಯ ಹಿಂಬದಿಯಿಂದ ಕೆಳಕ್ಕೆ ಬಾಗಿಸುವ ಹಲಗೆ, ಇಲ್ಲ. ಎತ್ತರ ಹೆಚ್ಚಾಗಿದ್ದರೆ ಒಂದು ರೆಕ್ಕೆ ತಗ್ಗಿಸಿ, ವಿರುದ್ಧ ರಡ್ಡರ್ ಒತ್ತಿ, ವಿಮಾನದ ಮೈಯನ್ನು ಗಾಳಿಗೆ ಅಡ್ಡಹಿಡಿದು ಜಾರಿಸಿಕೊಂಡು ಇಳಿಯಬೇಕು. ವೇಗ ಏರದೆ ಎತ್ತರ ಮಾತ್ರ ಕರಗುತ್ತದೆ. ಈ ಸೈಡ್‌ಸ್ಲಿಪ್ ಚೆನ್ನಾಗಿ ಬಂದವರಿಗೆ ಎಂಜಿನ್ ನಿಂತಾಗ ಒಂದು ಸಣ್ಣ ಬಯಲೂ ಸಾಕಾಗಬಹುದು.

ಪ್ರೊಪೆಲರನ್ನು ಕೈಯಿಂದಲೇ ತಿರುಗಿಸಿ ಎಂಜಿನ್ ಚಾಲೂ ಮಾಡಬೇಕೇ?

ವಿದ್ಯುತ್ ಸ್ಟಾರ್ಟರ್ ಇಲ್ಲದ ವಿಮಾನಗಳಲ್ಲಿ ಹೌದು. ಈ ಕೆಲಸವನ್ನು ವಿಡಿಯೊ ನೋಡಿ ಕಲಿಯಬಾರದು. ಚಕ್ರಗಳಿಗೆ ಅಡ್ಡ ಕೊಟ್ಟಿರಬೇಕು, ಕಾಕ್‌ಪಿಟ್‌ನಲ್ಲಿ ತಿಳಿದವರೊಬ್ಬರು ಕೂತಿರಬೇಕು, ಸ್ವಿಚ್ ಆಫ್ ಎಂದು ಕೂಗಿ ಹೇಳಿದ್ದರೂ ಪ್ರೊಪೆಲರ್ ಯಾವ ಕ್ಷಣದಲ್ಲಾದರೂ ತಿರುಗಬಹುದೆಂದೇ ಭಾವಿಸಿ ವರ್ತಿಸಬೇಕು. ಎಂಜಿನ್ನಿಗೆ ಕಿಡಿ ಕೊಡುವ ಮ್ಯಾಗ್ನೆಟೊಗಳಿಗೆ ಬ್ಯಾಟರಿಯ ಹಂಗಿಲ್ಲ. ಅವುಗಳ ತಂತಿ ಎಲ್ಲಾದರೂ ಕಡಿದಿದ್ದರೆ ಸ್ವಿಚ್ ಆಫ್ ಇದ್ದರೂ ಕಿಡಿ ಬರುತ್ತದೆ.

ನಮ್ಮ ಕರಾವಳಿಯ ಹವೆ ಇಂಥ ವಿಮಾನಕ್ಕೆ ಹೊಂದೀತೇ?

ಯಾರಾದರೂ ಮುಂದೊಂದು ದಿನ ಇಂಥ ವಿಮಾನವನ್ನು ಕರಾವಳಿಗೆ ತರುವ ಯೋಚನೆ ಮಾಡಿದರೆ ಮೊದಲು ಎದುರಾಗುವುದು ಉಪ್ಪು ಮತ್ತು ತೇವ. ಟೈಗರ್ ಮಾತ್‌ನ ರೆಕ್ಕೆಗಳ ಒಳಚೌಕಟ್ಟು ಮರದ್ದು, ಮೈಯ ಚೌಕಟ್ಟು ಉಕ್ಕಿನ ಕೊಳವೆಗಳದ್ದು, ಹೊದಿಕೆ ಬಟ್ಟೆಯದು. ಮರದ ಅಂಟು ಬಿಡುವುದು, ಕೊಳವೆಯ ಒಳಗೆ ತುಕ್ಕು ಹಿಡಿಯುವುದು, ಬಿಸಿಲಿಗೆ ಬಟ್ಟೆ ಜೀರ್ಣವಾಗುವುದು ಇವೆಲ್ಲ ಹೊರಗೆ ಕಾಣದೆ ಒಳಗೇ ಸಾಗುವ ಸವೆತಗಳು. ಹಿಂದೆ ಹತ್ತಿ ಅಥವಾ ಲಿನನ್ ಬಟ್ಟೆ ಹೊದೆಸಿ ಡೋಪ್ ಎಂಬ ದ್ರವ ಬಳಿದು ಬಿಗಿಗೊಳಿಸುತ್ತಿದ್ದರು, ಈಗ ಹೆಚ್ಚಾಗಿ ಪಾಲಿಯೆಸ್ಟರ್ ಬಳಸುತ್ತಾರೆ. ಜೂನ್ ಮೊದಲ ವಾರದಿಂದ ಮಳೆಗಾಲ ಮುಗಿಯುವವರೆಗೆ ಕಾರವಾರದಲ್ಲಿ ಇದನ್ನು ಬಯಲಲ್ಲಿ ನಿಲ್ಲಿಸುವ ಮಾತೇ ಇಲ್ಲ.

ಕಲಿಯುವವರು ಇದಕ್ಕಿಂತ ಹೆಚ್ಚಾಗಿ ತಿಳಿದಿರಬೇಕಾದದ್ದು ಕಾರ್ಬ್ಯುರೇಟರ್ (ಎಂಜಿನ್ನಿಗೆ ಹೋಗುವ ಇಂಧನ ಮತ್ತು ಗಾಳಿಯನ್ನು ಬೆರೆಸುವ ಭಾಗ) ಒಳಗೆ ಕಟ್ಟುವ ಹಿಮದ ವಿಷಯ. ಸೆಕೆಯ ನಾಡಿನಲ್ಲಿ ಹಿಮ ಎಲ್ಲಿಂದ ಬಂತು ಎಂದು ನಮ್ಮವರು ನಗುವುದುಂಟು. ಇಂಧನ ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುತ್ತದೆ, ಕಿರಿದಾದ ಕೊರಳಿನಲ್ಲಿ ನುಗ್ಗುವ ಗಾಳಿಯ ಒತ್ತಡ ಕುಸಿದು ಅದೂ ತಣಿಯುತ್ತದೆ. ಎರಡೂ ಸೇರಿ ಕಾರ್ಬ್ಯುರೇಟರಿನ ಒಳಗಿನ ಉಷ್ಣಾಂಶ 20 ಡಿಗ್ರಿ ಸೆಲ್ಸಿಯಸ್‌ಗಿಂತಲೂ ಹೆಚ್ಚು ಇಳಿಯಬಲ್ಲದು. ಹೊರಗೆ 25 ಡಿಗ್ರಿ ಇದ್ದು ಗಾಳಿ ತೇವದಿಂದ ತುಂಬಿದ್ದರೆ ಒಳಗೆ ಹಿಮ ಕಟ್ಟಲು ಅಷ್ಟು ಸಾಕು. ಹಿಮದಿಂದ ಗಾಳಿಯ ದಾರಿ ಕಿರಿದಾದಂತೆ ಎಂಜಿನ್ ವೇಗ ಮೆಲ್ಲಗೆ ಇಳಿಯುತ್ತದೆ, ಕಡೆಗೆ ನಿಂತೂಬಿಡಬಹುದು. ಥ್ರಾಟಲ್ (ಎಂಜಿನ್ ಶಕ್ತಿಯ ಹಿಡಿಕೆ) ತಗ್ಗಿಸಿ ಇಳಿಯುವಾಗ ಅಪಾಯ ಹೆಚ್ಚು. ಬಿಸಿಗಾಳಿ ಬಿಡುವ ಗುಂಡಿಯನ್ನು ಥ್ರಾಟಲ್ ತಗ್ಗಿಸುವ ಮೊದಲೇ ಎಳೆಯಬೇಕು. ಎಳೆದ ಕೂಡಲೇ ಎಂಜಿನ್ ಒರಟಾಗಿ ಓಡಿದರೆ ಗಾಬರಿಯಾಗಿ ಮತ್ತೆ ಒಳಗೆ ತಳ್ಳಬಾರದು, ಕರಗಿದ ಹಿಮದ ನೀರು ಒಳಗೆ ಹೋಗುತ್ತಿರುವ ಲಕ್ಷಣವದು. ಪರೀಕ್ಷಕರು ಈ ಬಗ್ಗೆ ಕೇಳದೆ ಬಿಡುವುದು ಅಪರೂಪ.

ತೇವದ ಇನ್ನೊಂದು ಕಾಟ ಇಂಧನದಲ್ಲಿ ಸೇರುವ ನೀರು. ಪ್ರತಿದಿನದ ಮೊದಲ ಹಾರಾಟಕ್ಕೆ ಮುನ್ನ ಟ್ಯಾಂಕಿನ ತಳದಿಂದ ಒಂದಿಷ್ಟು ತೆಗೆದು ಗಾಜಿನ ಲೋಟದಲ್ಲಿ ನೋಡಬೇಕು. ವಿಮಾನದ ಪೆಟ್ರೋಲಾದ ಏವ್‌ಗ್ಯಾಸ್ 100 ಎಲ್‌ಎಲ್ ತಿಳಿನೀಲಿ ಬಣ್ಣದ್ದು, ನೀರು ಅದರಡಿ ಬೇರೆಯಾಗಿ ನಿಲ್ಲುತ್ತದೆ.

ಎತ್ತರದ ಊರುಗಳಲ್ಲಿ ಕಡಿಮೆ ಶಕ್ತಿಯ ವಿಮಾನ ಮೇಲೇಳುತ್ತದೆಯೇ?

ಏಳುತ್ತದೆ, ನಿಧಾನವಾಗಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಅಲ್ಲಿ ಉಷ್ಣಾಂಶ 30 ಡಿಗ್ರಿ ಇದ್ದರೆ ಗಾಳಿ ಎಷ್ಟು ತೆಳುವಾಗಿರುತ್ತದೆಂದರೆ ವಿಮಾನ ಸುಮಾರು 5,400 ಅಡಿ ಎತ್ತರದಲ್ಲಿರುವಂತೆ ವರ್ತಿಸುತ್ತದೆ. ಇದನ್ನು ಡೆನ್ಸಿಟಿ ಆಲ್ಟಿಟ್ಯೂಡ್ ಎನ್ನುತ್ತಾರೆ. ಎಂಜಿನ್ನಿನ ಶಕ್ತಿ, ಪ್ರೊಪೆಲರಿನ ಹಿಡಿತ, ರೆಕ್ಕೆಯ ಎತ್ತುಗೆ ಮೂರೂ ಒಟ್ಟಿಗೆ ತಗ್ಗುತ್ತವೆ. 65 ಅಶ್ವಶಕ್ತಿಯ ಎಂಜಿನ್, ಇಬ್ಬರು ಪುಷ್ಟ ಆಸಾಮಿಗಳು, ಮಧ್ಯಾಹ್ನದ ಬಿಸಿಲು ಇವು ಒಟ್ಟಾಗದಂತೆ ನೋಡಿಕೊಳ್ಳುವುದು ಒಳ್ಳೆಯದು. ಅದೇ ವಿಮಾನ ಕಡಲ ಮಟ್ಟದಲ್ಲಿ, ಮುಂಜಾನೆ, ಚುರುಕಾಗಿ ಏರುತ್ತದೆ.

ಊರಿನಲ್ಲಿದ್ದಾಗ ಏನನ್ನು ಅಭ್ಯಾಸ ಮಾಡಬಹುದು?

ಪಥನಿರ್ದೇಶನವನ್ನು. ಹಳೆಯ ವಿಮಾನದಲ್ಲಿ ನಕ್ಷೆ, ದಿಕ್ಸೂಚಿ, ಗಡಿಯಾರ ಈ ಮೂರನ್ನೇ ನಂಬಬೇಕಾಗುವುದರಿಂದ ಮನೆಯ ಮೇಜಿನ ಮೇಲೆ ಮಾಡುವ ಲೆಕ್ಕಕ್ಕೆ ತುಂಬ ಬೆಲೆಯಿದೆ. ನಮ್ಮ ಕರಾವಳಿ ಅದಕ್ಕೆ ಹೇಳಿ ಮಾಡಿಸಿದ ಪಾಠ. ಕಾರವಾರದಿಂದ ಹೊನ್ನಾವರಕ್ಕೆ ನೇರ ಗೆರೆ ಎಳೆದರೆ ಸುಮಾರು 36 ನಾಟಿಕಲ್ ಮೈಲಿ, ದಿಕ್ಕು ಸರಿಸುಮಾರು 150 ಡಿಗ್ರಿ. ಗಾಳಿಯಿಲ್ಲದ ದಿನ 65 ನಾಟ್ (ಗಂಟೆಗೆ 65 ನಾಟಿಕಲ್ ಮೈಲಿ) ವೇಗದ ಕಬ್ ಸುಮಾರು 33 ನಿಮಿಷದಲ್ಲಿ ತಲುಪುತ್ತದೆ. ಎದುರಿನಿಂದ 15 ನಾಟ್ ಗಾಳಿ ಬೀಸಿದರೆ 43 ನಿಮಿಷ ಬೇಕು. ಇಂಧನದ ಲೆಕ್ಕವೂ ಅದರಂತೆ ಬದಲಾಗುತ್ತದೆ.

ಈಗ ಅದೇ ಗಾಳಿ ಮಧ್ಯಾಹ್ನದ ಕಡಲಗಾಳಿಯಾಗಿ ಪಶ್ಚಿಮದಿಂದ ಬಂದರೆ ಮೂತಿಯನ್ನು ಎಷ್ಟು ಡಿಗ್ರಿ ಕಡಲಿನತ್ತ ತಿರುಗಿಸಿಕೊಂಡು ಹೋಗಬೇಕು ಎಂದು ಲೆಕ್ಕ ಹಾಕಿ. ದಾರಿಯ ಗುರುತುಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನದಿಗಳು ಒಂದರ ನಂತರ ಒಂದರಂತೆ ಕಡಲು ಸೇರುತ್ತವೆ, ಜೊತೆಗೆ ಹೆದ್ದಾರಿ 66 ಮತ್ತು ಕೊಂಕಣ ರೈಲುದಾರಿ ಇವೆ. ಎರಡು ನದೀಮುಖಗಳ ನಡುವಿನ ದೂರವನ್ನು ನಿಮಿಷಕ್ಕೆ ಪರಿವರ್ತಿಸಿ, ಮೊದಲ ನದಿ ಎರಡು ನಿಮಿಷ ತಡವಾಗಿ ಬಂದರೆ ಹೊನ್ನಾವರ ಎಷ್ಟು ತಡವಾಗುತ್ತದೆಂದು ಅಂದಾಜಿಸುವುದೇ ಪರೀಕ್ಷೆಯಲ್ಲಿ ಕೇಳುವ ಲೆಕ್ಕ. ಇದು ಕಾಗದದ ಮೇಲಿನ ಅಭ್ಯಾಸ ಮಾತ್ರ. ನಿಜವಾದ ಹಾರಾಟಕ್ಕೆ ಇಲ್ಲಿನ ನಿರ್ಬಂಧಿತ ವಲಯಗಳನ್ನು ನೋಡಿ, ಅನುಮತಿ ಪಡೆದೇ ಹೊರಡಬೇಕು.

ಹವಾಮಾನದ ಪಾಠವೂ ಕಿಟಕಿಯಾಚೆಯೇ ಇದೆ. ಬೆಳಿಗ್ಗೆ ನೆಲದಿಂದ ಕಡಲಿಗೆ, ಮಧ್ಯಾಹ್ನ ಕಡಲಿನಿಂದ ನೆಲಕ್ಕೆ ಗಾಳಿ ತಿರುಗುವ ಹೊತ್ತನ್ನು ಮೀನುಗಾರರು ಯಾವ ಪುಸ್ತಕವನ್ನೂ ನೋಡದೆ ಹೇಳುತ್ತಾರೆ. ತೇವದ ಗಾಳಿ ದೇವಿಮನೆ ಘಟ್ಟಕ್ಕೆ ಡಿಕ್ಕಿ ಹೊಡೆದು ಏರುತ್ತ ಮೋಡವಾಗುವುದನ್ನು ಶಿರಸಿ–ಕುಮಟಾ ದಾರಿಯಲ್ಲಿ ಬಸ್ಸಿನಿಂದಲೇ ನೋಡಬಹುದು.

ಹಳೆಯ ವಿಮಾನದಲ್ಲಿ ಪರೀಕ್ಷೆ ಕೊಡಬೇಕೆಂದರೆ ಯಾವ ದೇಶ ಸೂಕ್ತ?

ಅಮೆರಿಕದಲ್ಲಿ ಪರೀಕ್ಷೆಗೆ ವಿಮಾನವನ್ನು ಅಭ್ಯರ್ಥಿಯೇ ತರಬೇಕು. ಅದಕ್ಕೆ ಹಾರಾಟ ಯೋಗ್ಯತೆಯ ದಾಖಲೆಗಳೂ ಇಬ್ಬರಿಗೂ ನಿಯಂತ್ರಣಗಳೂ ಇರಬೇಕು. ಕಬ್ ಇದಕ್ಕೆ ಹೊರತಲ್ಲ. ಆದರೆ ಅಲ್ಲಿನ ಖಾಸಗಿ ಪರವಾನಗಿಗೆ 3 ಗಂಟೆ ರಾತ್ರಿ ಹಾರಾಟ ಮತ್ತು 3 ಗಂಟೆ ಉಪಕರಣಗಳನ್ನಷ್ಟೇ ನೋಡಿ ಹಾರುವ ತರಬೇತಿ ಬೇಕು, ಪರೀಕ್ಷೆಯಲ್ಲೂ ಉಪಕರಣ ಹಾರಾಟದ ಭಾಗವಿದೆ. ದೀಪವಾಗಲಿ, ವಾಲಿಕೆ ಮತ್ತು ದಿಕ್ಕು ತೋರಿಸುವ ಗೈರೊ ಉಪಕರಣವಾಗಲಿ ಇಲ್ಲದ ಮೂಲ ರೂಪದ ಕಬ್‌ನಲ್ಲಿ ಇಷ್ಟನ್ನೂ ಮುಗಿಸಲಾಗುವುದಿಲ್ಲ. ಆ ಭಾಗಗಳಿಗೆ ಬೇರೆ ವಿಮಾನ ಬೇಕಾಗುತ್ತದೆ. ಹೀಗಾಗಿ ಒಪ್ಪಂದ ಮಾಡಿಕೊಳ್ಳುವ ಮೊದಲೇ, ಯಾವ ಭಾಗ ಯಾವ ವಿಮಾನದಲ್ಲಿ ಎಂದು ಬೋಧಕರಿಂದ ಬರೆಸಿಕೊಳ್ಳಬೇಕು. ಅಲ್ಲಿ 20 ಗಂಟೆಗಳ ಸ್ಪೋರ್ಟ್ ಪೈಲಟ್ ಪರವಾನಗಿಯೂ ಇದೆ, ಅನೇಕ ಹಳೆಯ ಲಘು ವಿಮಾನಗಳು ಅದರ ವ್ಯಾಪ್ತಿಗೆ ಬರುತ್ತವೆ. ಆದರೆ ಅದು ಅಂತರರಾಷ್ಟ್ರೀಯ ಮಾನದಂಡಕ್ಕೆ ಅನುಗುಣವಾದ ಪರವಾನಗಿಯಲ್ಲ, ಭಾರತಕ್ಕೆ ತಂದು ಪರಿವರ್ತಿಸಿಕೊಳ್ಳುವ ಆಸೆ ಇಟ್ಟುಕೊಳ್ಳಬಾರದು. ವಿದೇಶಿಯರು ತರಬೇತಿಗೆ ಮುನ್ನ ಅಲ್ಲಿನ ಭದ್ರತಾ ಇಲಾಖೆಯ ಒಪ್ಪಿಗೆ ಪಡೆಯಬೇಕೆಂಬುದನ್ನೂ ಮರೆಯುವಂತಿಲ್ಲ.

ಬ್ರಿಟನ್ನಿನಲ್ಲಿ ಖಾಸಗಿ ಪರವಾನಗಿಗೆ 45 ಗಂಟೆ ಬೇಕು. ಅಲ್ಲಿ ಅನೇಕ ಹಳೆಯ ವಿಮಾನಗಳು ಪೂರ್ಣ ಪ್ರಮಾಣಪತ್ರದ ಬದಲು ಪರ್ಮಿಟ್ ಟು ಫ್ಲೈ ಎಂಬ ಅನುಮತಿಯ ಮೇಲೆ ಹಾರುತ್ತವೆ, ಅಂಥವುಗಳಲ್ಲಿ ತರಬೇತಿ ಕೊಡಲು ಷರತ್ತುಗಳಿರುತ್ತವೆ. ಪರವಾನಗಿ ಇದ್ದವರು ಬಾಲಚಕ್ರದ ವಿಮಾನಕ್ಕೆ ಬದಲಾಗುವಾಗ ಬೇರೆಯಾಗಿ ತರಬೇತಿ ಪಡೆಯುವ ನಿಯಮ ಎರಡೂ ದೇಶಗಳಲ್ಲಿದೆ.

ಪರೀಕ್ಷೆಯ ದಿನ ಏನು ನಡೆಯುತ್ತದೆ? ವಿಮಾನ ಹಳೆಯದೆಂದು ವಿನಾಯಿತಿ ಸಿಗುತ್ತದೆಯೇ?

ವಿನಾಯಿತಿ ಇಲ್ಲ. ಅಮೆರಿಕದ ಕ್ರಮವನ್ನು ಉದಾಹರಣೆಗೆ ತೆಗೆದುಕೊಂಡರೆ, ಮೊದಲು ಮೇಜಿನ ಎದುರು ಮೌಖಿಕ ಪರೀಕ್ಷೆ ನಡೆಯುತ್ತದೆ. ವಿಮಾನದ ದಾಖಲೆಗಳು, ಭಾರ ಮತ್ತು ಸಮತೋಲನದ ಲೆಕ್ಕ, ಆ ದಿನದ ಹವಾಮಾನ, ದೂರ ಹಾರಾಟದ ಯೋಜನೆ ಇವುಗಳ ಬಗ್ಗೆ ಪ್ರಶ್ನೆಗಳಿರುತ್ತವೆ. ವಿಮಾನ ಹಳೆಯದಾದಷ್ಟೂ ಇಲ್ಲಿ ಪ್ರಶ್ನೆಗಳು ಹೆಚ್ಚು. ದುರಸ್ತಿ ಪುಸ್ತಕಗಳು ಹಲವು ಸಂಪುಟಗಳಾಗಿರುತ್ತವೆ, ಹಿಂದಿನ ಬದಲಾವಣೆಗಳಿಗೆಲ್ಲ ಒಪ್ಪಿಗೆ ಇದೆಯೇ, ಕಡ್ಡಾಯ ತಪಾಸಣೆಗಳು ಮುಗಿದಿವೆಯೇ ಎಂಬುದನ್ನು ಅಭ್ಯರ್ಥಿಯೇ ಪುಟ ತೆರೆದು ತೋರಿಸಬೇಕು. ಆ ಪುಟಗಳಿಗೆ ಮೊದಲೇ ಚೀಟಿ ಅಂಟಿಸಿಟ್ಟುಕೊಂಡು ಹೋಗುವುದು ಕ್ಷೇಮ.

ಆಮೇಲೆ ಹಾರಾಟ. ಕಬ್‌ನಲ್ಲಾದರೆ ಅಭ್ಯರ್ಥಿ ಹಿಂದೆ, ಪರೀಕ್ಷಕರು ಮುಂದೆ. ಇರುವ ಒಂದೇ ಉಪಕರಣ ಫಲಕ ಪರೀಕ್ಷಕರ ಎದುರಿಗಿರುವುದರಿಂದ ಅವರ ಭುಜದ ಪಕ್ಕದಿಂದ ಇಣುಕಿ ವೇಗ ಮತ್ತು ಎತ್ತರ ಓದಬೇಕು. 45 ಡಿಗ್ರಿ ವಾಲಿ ತಿರುಗುವಾಗ ಎತ್ತರ 100 ಅಡಿಗಿಂತ ಹೆಚ್ಚು ಏರಿಳಿಯಬಾರದು, ವೇಗ 10 ನಾಟ್‌ಗಿಂತ ಹೆಚ್ಚು ವ್ಯತ್ಯಾಸವಾಗಬಾರದು, ತಿರುವು ಮುಗಿಸುವಾಗ ದಿಕ್ಕು 10 ಡಿಗ್ರಿಯೊಳಗೆ ಸರಿಯಿರಬೇಕು. ವಾಲಿದ ಕೋನ ತೋರಿಸುವ ಉಪಕರಣವೇ ಇಲ್ಲದ ವಿಮಾನದಲ್ಲಿ ದಿಗಂತ ಮೂತಿಯನ್ನು ಕತ್ತರಿಸುವ ಕೋನವೇ ಅಳತೆ. ಕಬ್‌ನ ಇಂಧನಮಾಪಕವೂ ಅಷ್ಟೇ ಸರಳ, ಬೆಂಡಿಗೆ ಸಿಕ್ಕಿಸಿದ ತಂತಿಯೊಂದು ಟ್ಯಾಂಕಿನ ಮುಚ್ಚಳದಿಂದ ಮೇಲೆ ಎದ್ದು ನಿಂತಿರುತ್ತದೆ. ಸ್ಟಾಲ್ (ವೇಗ ತೀರಾ ಕುಗ್ಗಿ ರೆಕ್ಕೆ ಎತ್ತುಗೆ ಕಳೆದುಕೊಳ್ಳುವುದು), ನಿಧಾನ ವೇಗದ ಹಾರಾಟ, ಎಂಜಿನ್ ನಿಂತಿತೆಂದು ಭಾವಿಸಿ ಬಯಲು ಹುಡುಕುವುದು, ಚಿಕ್ಕ ಓಡುದಾರಿಯಲ್ಲಿ ಗೊತ್ತುಪಡಿಸಿದ ಗುರುತಿನಿಂದಾಚೆ 200 ಅಡಿಯೊಳಗೆ ಇಳಿಸುವುದು ಇವೆಲ್ಲ ಉಳಿದ ವಿಮಾನಗಳಲ್ಲಿರುವಂತೆಯೇ ಇರುತ್ತವೆ. ಕಬ್‌ಗೆ ಇದರಲ್ಲಿ ಒಂದು ಅನುಕೂಲವಿದೆ. ಅದರ ಸ್ಟಾಲ್ ವೇಗ ಗಂಟೆಗೆ ಸುಮಾರು 61 ಕಿಲೋಮೀಟರ್ ಮಾತ್ರವಾದ್ದರಿಂದ ಚಿಕ್ಕ ಜಾಗದಲ್ಲಿ ನಿಲ್ಲಿಸುವುದು ಸುಲಭ.

ಭಾರತದಲ್ಲಿ ಪರೀಕ್ಷೆ ಸೆಸ್ನಾದಂಥ ವಿಮಾನದಲ್ಲೇ ನಡೆಯುತ್ತದೆ. ಪರಿಶೀಲಿಸುವ ಕೌಶಲಗಳು ಮೂಲತಃ ಇವೇ.

ಹಳೆಯ ವಿಮಾನ ಸುರಕ್ಷಿತವೇ? ಸೇರುವ ಮುನ್ನ ಏನನ್ನು ಕೇಳಬೇಕು?

ವಯಸ್ಸಿಗಿಂತ ಪಾಲನೆ ಮುಖ್ಯ. ವರ್ಷದ ತಪಾಸಣೆ ಯಾವಾಗ ನಡೆಯಿತು, ಎಂಜಿನ್ನನ್ನು ಕಡೆಯ ಬಾರಿ ಪೂರ್ತಿ ಬಿಚ್ಚಿ ಜೋಡಿಸಿ ಎಷ್ಟು ಗಂಟೆಯಾಯಿತು, ಬಟ್ಟೆಯ ಬಲವನ್ನು ಯಾವಾಗ ಪರೀಕ್ಷಿಸಿದರು, ಭುಜಪಟ್ಟಿ ಇದೆಯೇ ಎಂದು ಕೇಳಬೇಕು. ಇದಕ್ಕಿಂತಲೂ ಮುಖ್ಯವಾಗಿ, ವಿದ್ಯಾರ್ಥಿ ಒಬ್ಬನೇ ಹಾರಲು ವಿಮೆ ಒಪ್ಪುತ್ತದೆಯೇ ಎಂದು ವಿಚಾರಿಸಬೇಕು. ಬೋಧಕರೊಂದಿಗೆ ಮಾತ್ರ ಹಾರಲು ಬಿಡುವ, ಒಬ್ಬರೇ ಹಾರಲು ಕೊಡದ ಕಡೆಗಳು ಬಹಳ ಇವೆ. ಅಲ್ಲಿ ಎಷ್ಟು ಗಂಟೆ ಹಾರಿದರೂ ಪರವಾನಗಿಗೆ ಬೇಕಾದ ಸೋಲೋ ಗಂಟೆಗಳು ತುಂಬುವುದಿಲ್ಲ. ಈ ಪ್ರಶ್ನೆಗೆ ನೇರ ಉತ್ತರ ಕೊಡದ ಕಡೆ ಮುಂಗಡ ಹಣ ಕಟ್ಟಬೇಡಿ.

ಹೆಣ್ಣುಮಕ್ಕಳಿಗೆ ಬೇರೆ ನಿಯಮವಿದೆಯೇ?

ಇಲ್ಲ. ಸರಳಾ ಠಕ್ರಾಲ್ 1936ರಲ್ಲೇ, ತಮ್ಮ 21ನೇ ವಯಸ್ಸಿನಲ್ಲಿ, ಸೀರೆಯುಟ್ಟು ಜಿಪ್ಸಿ ಮಾತ್ ವಿಮಾನವನ್ನು ಒಬ್ಬರೇ ಹಾರಿಸಿದ್ದರು. ಭಾರತದಲ್ಲಿ ಮೊದಲ ಪೈಲಟ್ ಪರವಾನಗಿ ಜೆ. ಆರ್. ಡಿ. ಟಾಟಾ ಅವರಿಗೆ 1929ರ ಫೆಬ್ರುವರಿಯಲ್ಲಿ ದೊರೆತು ಆಗ ಏಳೇ ವರ್ಷವಾಗಿತ್ತು.

ಪರೀಕ್ಷೆಯಲ್ಲಿ ಅನುತ್ತೀರ್ಣರಾದರೆ?

ಮತ್ತೆ ಕೊಡಬಹುದು. ಅಮೆರಿಕದಲ್ಲಿ ತಪ್ಪಿದ ಭಾಗಗಳ ಬಗ್ಗೆ ಬೋಧಕರಿಂದ ಮರುತರಬೇತಿ ಪಡೆದು, ಅವರ ಸಹಿಯೊಂದಿಗೆ ಹೋದರೆ, ನಿಗದಿತ ಅವಧಿಯೊಳಗಾದರೆ ಸಾಮಾನ್ಯವಾಗಿ ಆ ಭಾಗಗಳನ್ನಷ್ಟೇ ಪರೀಕ್ಷಿಸುತ್ತಾರೆ. ಅಡ್ಡಗಾಳಿ ಹೆಚ್ಚಾಗಿರುವ ದಿನ ಪರೀಕ್ಷೆಯನ್ನು ಮುಂದೂಡಲು ಅಭ್ಯರ್ಥಿಯೇ ಕೇಳಬಹುದು, ಅದನ್ನು ಸೋಲೆಂದು ಯಾರೂ ಬರೆದುಕೊಳ್ಳುವುದಿಲ್ಲ. ಹಳೆಯ ವಿಮಾನ ತೆಗೆದುಕೊಂಡು ಹೋದವರು ಮುಂದೂಡಿಕೆಗೆಂದು ಎರಡು ಮೂರು ದಿನ ಹೆಚ್ಚಾಗಿಯೇ ಇಟ್ಟುಕೊಂಡು ಮರಳುವ ಟಿಕೆಟ್ ತೆಗೆಯುವುದು ಒಳ್ಳೆಯದು.